ಉದಯಪುರದ ಘಾಟಿನಲ್ಲಿ ನನ್ನ ರಾಗಿ ಚೀಲ

ಟ್ರೈಪಾಡ್ ಇಲ್ಲದೆ ಉದಯಪುರದಲ್ಲಿ ಬ್ಲೂ ಅವರ್, ಅಂದರೆ ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕು, ತೆಗೆಯೋಕೆ ಆಗಲ್ಲ ಅಂತ ನಮ್ಮ ಫೋಟೋ ಬಳಗದಲ್ಲಿ ಹೇಳದವರೇ ಇರಲಿಲ್ಲ. ಈಗ ಪಿಚೋಲಾ ಕೆರೆ ಮತ್ತು ಸಿಟಿ ಪ್ಯಾಲೇಸಿನ ಚಿತ್ರ ಮೂರಡಿ ಅಗಲದ ಪ್ರಿಂಟಾಗಿ ಬಂದಿದೆ. ಎಕ್ಸ್‌ಪೋಶರ್ ಹತ್ತು ಸೆಕೆಂಡು. ಝರೋಕಾಗಳ (ಗೋಡೆಯಿಂದ ಹೊರಚಾಚಿದ ಕಿಟಕಿಗಳ) ಜಾಲರಿ ಬಿಡಿಬಿಡಿಯಾಗಿ ಕಾಣುತ್ತದೆ. ಕ್ಯಾಮೆರಾ ಕೂತಿದ್ದು ಸುಮಾರು ಒಂದೂವರೆ ಕಿಲೋ ರಾಗಿ ತುಂಬಿದ ಹಳೇ ಜೀನ್ಸಿನ ಚೀಲದ ಮೇಲೆ.

"ಏನಮ್ಮಾ, ರಾಗಿ ಹೊತ್ಕೊಂಡು ರಾಜಸ್ಥಾನಕ್ಕೆ ಹೋಗ್ತೀಯಾ? ಅಲ್ಲಿ ಮುದ್ದೆ ಮಾಡೋಕಾ?" ಅಂತ ಹಿರಿಯರೊಬ್ಬರು ಎಲ್ಲರೆದುರು ನಕ್ಕಿದ್ದರು. ಅವರ ಕಾರ್ಬನ್ ಫೈಬರ್ ಟ್ರೈಪಾಡಿಗೇ ಮೂವತ್ತು ಸಾವಿರದ ಹತ್ತಿರ. ಪ್ರಿಂಟಿಗೆ ಮೂಗು ತಾಗಿಸಿ ನೋಡಿದವರಲ್ಲಿ ಅವರೇ ಮೊದಲು.

ಕ್ಯಾಮೆರಾ ಕೂರಿಸೋ ಇಂಥ ಚೀಲಕ್ಕೆ ಬೀನ್ ಬ್ಯಾಗ್ ಅಂತಾರೆ, ಅದೇನೂ ಹೊಸದಲ್ಲ. ಕಬಿನಿ ಸಫಾರಿಗೆ ಹೋದವರೆಲ್ಲ ಜೀಪಿನ ಮೇಲೆ ಇಟ್ಟವರೇ. ಆದರೆ ಅಲ್ಲಿ ಶಟರ್ ತೆರೆದಿರೋದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅದೇ ಚೀಲದ ಮೇಲೆ ಹತ್ತು ಸೆಕೆಂಡು ತೆರೆದು ನೋಡಿ, ಲೆನ್ಸ್ ಕಣ್ಣಿಗೆ ಕಾಣದಷ್ಟು ಮೆಲ್ಲಗೆ ತಲೆ ತಗ್ಗಿಸುತ್ತಾ ಹೋಗುತ್ತದೆ. ದೀಪಗಳೆಲ್ಲ ಕೆಳಕ್ಕೆ ಎಳೆದ ಗೀಟಾಗುತ್ತವೆ. ನನಗೆ ಕಾಟ ಕೊಟ್ಟಿದ್ದು ಇದೊಂದೇ.

ಚೀಲಕ್ಕೆ ಏನು ತುಂಬಬೇಕು ಅನ್ನೋ ಪ್ರಯೋಗವೆಲ್ಲ ಸ್ಯಾಂಕಿ ಕೆರೆಯ ಕಟ್ಟೆ ಮೇಲೆ. ಥರ್ಮೋಕೋಲ್ ಗುಂಡು ಸ್ಪ್ರಿಂಗಿನ ಹಾಗೆ ಮೇಲೆದ್ದು ಬರುತ್ತಿತ್ತು. ಸೋನಾ ಮಸೂರಿ ಹಾಕಿದರೆ ಕಾಳು ಹೊರಳಿ ಹೊರಳಿ ಕೂರಲು ನಿಮಿಷಗಟ್ಟಲೆ ಬೇಕು. ಸಬ್ಬಕ್ಕಿ ಪುಡಿಯಾಗಿ ಬಟ್ಟೆಯಿಂದ ಬಿಳಿ ಧೂಳು ಉದುರಿತು. ಆ ದಿನ ಕ್ಯಾಮೆರಾ ಒರೆಸಿದ್ದೇ ಕೆಲಸ. ಸಾಸಿವೆ ಸಣ್ಣ ಕಾಳು, ಸರಿ ಹೋಗಬೇಕಿತ್ತು. ಆದರೆ ಅದು ಜಾಸ್ತಿ ನುಣುಪು, ಜಾರುತ್ತದೆ. ಮರಳಂತೂ ಸೆನ್ಸರ್ ಹತ್ತಿರ ಸುಳಿಯಬಾರದು. ಪಾಲಿಶ್ ಮಾಡದ ರಾಗಿ ಮಾತ್ರ ಒಮ್ಮೆ ಕೂತರೆ ಕೂತಿತು. ಮುಕ್ಕಾಲು ಪಾಲು ತುಂಬಿ, ಕ್ಯಾಮೆರಾ ಒತ್ತಿ ಕೂರಿಸಿ, ಅರ್ಧ ನಿಮಿಷ ಕೈ ಬಿಟ್ಟು, ಆಮೇಲೆ ಫೋನಿನಿಂದ ಶಟರ್. ಚೀಲದ ಒಳಗೆ ಒಂದು ಅಡ್ಡ ಹೊಲಿಗೆಯೂ ಇದೆ. ಅದು ಎಲ್ಲಿ ಅಂತ ಹೇಳಲ್ಲ, ಕ್ಷಮಿಸಿ. ಮಲ್ಲೇಶ್ವರದ ಟೈಲರ್ ಅದಕ್ಕೇ ನೂರಿಪ್ಪತ್ತು ರೂಪಾಯಿ ತೆಗೆದುಕೊಂಡಿದ್ದು.

ರೈಲು ಹಮ್‌ಸಫರ್. ಮೈಸೂರಿನಿಂದ ಹೊರಟು ಬೆಂಗಳೂರು, ಹುಬ್ಬಳ್ಳಿ, ಪುಣೆ, ಸೂರತ್ ಮೇಲೆ ನೇರ ಉದಯಪುರಕ್ಕೆ ಹೋಗುತ್ತದೆ. ಎರಡು ರಾತ್ರಿಯ ದಾರಿ. ಹೋಗಿ ಬರೋಕೆ ನನಗೆ ಆರು ಸಾವಿರದ ಆಸುಪಾಸು ಆಯಿತು. ವಿಮಾನಕ್ಕಿಂತ ಅಗ್ಗ, ಜೊತೆಗೆ ಸ್ಕ್ಯಾನರ್ ಮುಂದೆ ನಿಂತು ರಾಗಿ ಅಂದರೇನು ಅಂತ ವಿವರಿಸೋ ತಾಪತ್ರಯವೂ ಇಲ್ಲ.

ಪಿಚೋಲಾ ನಮ್ಮ ಕೆರೆಗಳ ಹಾಗೆ ಕಟ್ಟಿಸಿದ್ದೇ. 1362ರಲ್ಲಿ ಬಂಜಾರನೊಬ್ಬ ಕಟ್ಟಿಸಿದ ಅಂತ ಹೇಳುತ್ತಾರೆ. ಕಟ್ಟಿದ ಕೆರೆ ಅಂದಮೇಲೆ ಕಲ್ಲಿನ ಮೆಟ್ಟಿಲು, ಕಟ್ಟೆ ಇರಲೇಬೇಕು ಅಂತ ನಾನು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗೇ ಇತ್ತು. ಸಿಟಿ ಪ್ಯಾಲೇಸ್ ಇರೋದು ಪೂರ್ವದ ದಡದಲ್ಲಿ. ಆದ್ದರಿಂದ ಸಂಜೆ ಎದುರು ದಡದ ಅಂಬ್ರಾಯ್ ಘಾಟಿಗೆ, ಅಂದರೆ ನೀರಿಗಿಳಿಯೋ ಮೆಟ್ಟಿಲುಗಳಿಗೆ, ಹೋಗಬೇಕು. ಬಿಸಿಲು ಬೆನ್ನ ಹಿಂದಿನಿಂದ ಅರಮನೆ ಮೇಲೆ ಬೀಳುತ್ತದೆ. ಆಗಸ್ಟಿನಲ್ಲಿ ಅಲ್ಲಿ ಸೂರ್ಯ ಮುಳುಗೋದು ಏಳು ದಾಟಿದ ಮೇಲೆ. ನಮ್ಮ ಊರಿನ ಗಡಿಯಾರ ಇಟ್ಟುಕೊಂಡು ಹೋದರೆ ಸುಮ್ನೆ ಕಾಯಬೇಕಾಗುತ್ತದೆ.

ಅರಮನೆಯ ದೀಪ ಹತ್ತಿ, ಆಕಾಶದ ನೀಲಿ ಇನ್ನೂ ಉಳಿದಿರೋದು ಹತ್ತು ಹದಿನೈದು ನಿಮಿಷ ಅಷ್ಟೇ. ದೀಪ ಹತ್ತುವ ಮುಂಚೆ ಕಲ್ಲಿನ ವಿವರಕ್ಕೆ ಒಂದು ಫ್ರೇಮು, ಹತ್ತಿದ ಮೇಲೆ ಇನ್ನೊಂದು. ಆಮೇಲೆ ಎರಡನ್ನೂ ಒಂದರ ಮೇಲೊಂದಿಟ್ಟು ಒಂದೇ ಚಿತ್ರ ಮಾಡೋದು. ಎರಡರ ನಡುವೆ ಕ್ಯಾಮೆರಾ ಅಲುಗಲೇಬಾರದು, ಅಲ್ವಾ? ನನ್ನ ಫೈಲ್‌ಗಳಲ್ಲಿ ಸರಿದಿದ್ದು ಒಂದೆರಡು ಪಿಕ್ಸೆಲ್ ಇರಬೇಕು. ಪಕ್ಕದಲ್ಲಿ ಟ್ರೈಪಾಡ್ ನಿಲ್ಲಿಸಿದ್ದ ಹುಡುಗನದು ಜನ ಕಾಲು ತಾಗಿಸಿ ಮೂರು ಸಲ ಅಲುಗಿತು. ಇನ್ನೊಂದು ಲಾಭ ಒಬ್ಬಳೇ ತಿರುಗೋ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಟ್ರೈಪಾಡ್ ಬಿಚ್ಚಿದರೆ "ಯಾವ ಚಾನೆಲ್ಲು?" ಅಂತ ಗುಂಪು ಸೇರುತ್ತದೆ. ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತರೆ ಸಂತೆಯಿಂದ ಬಂದವಳು ಅಂದುಕೊಂಡು ತಮ್ಮ ಪಾಡಿಗೆ ಹೋಗುತ್ತಾರೆ.

ಮಳೆಗಾಲಕ್ಕೇ ಹೋಗಿದ್ದು ಕೆರೆ ತುಂಬಿರಲಿ ಅಂತ. ರೂಮಿನ ಬಾಡಿಗೆಯೂ ಇಳಿದಿತ್ತು, ರಾತ್ರಿಗೆ ಒಂಬೈನೂರು. ಆದರೆ ಅಲ್ಲಿನ ಇನ್ನೊಂದು ಕೆರೆ ಫತೇಹ್ ಸಾಗರದ ದಂಡೆ ಮೇಲೆ ಮಳೆ ಹಿಡಿಯಿತು. ಕ್ಯಾಮೆರಾ ಕೊಡೆ ಕೆಳಗೆ ಉಳಿಯಿತು, ಚೀಲ ತೊಯ್ದು ತೊಪ್ಪೆಯಾಯಿತು. ಕಿಟಕಿಗೆ ನೇತು ಹಾಕಿದೆ. ಒಂದೂವರೆ ದಿನಕ್ಕೆ ಹುಳಿ ವಾಸನೆ. ಬಿಚ್ಚಿದರೆ ಕಾಳಿನ ತುದಿಯಲ್ಲೆಲ್ಲ ಸೂಜಿಮೊನೆಯಷ್ಟು ಬಿಳಿ ಮೊಳಕೆ! ಊರಲ್ಲಾಗಿದ್ದರೆ ಹುರಿದು ಹಿಟ್ಟು ಮಾಡಿಸಬಹುದಿತ್ತು. ಅಲ್ಲಿ ಬೀದಿಯ ಹಸುವಿಗೆ ಸುರಿದೆ, ಅದು ಬೇಡ ಅನ್ನಲಿಲ್ಲ. ಜಗದೀಶ ದೇವಸ್ಥಾನದ ಕೆಳಗಿನ ದಿನಸಿ ಅಂಗಡಿಯಲ್ಲಿ ರಾಗಿ ಸಿಗಲಿಲ್ಲ, ಸಜ್ಜೆ ಸಿಕ್ಕಿತು. ಕಿಲೋ ನಲವತ್ತರೊಳಗೇ. ಕಾಳು ದಪ್ಪ, ಅರ್ಧ ನಿಮಿಷದ ಬದಲು ಒಂದು ನಿಮಿಷ ಬಿಡಬೇಕು. ಉಳಿದಂತೆ ಪರವಾಗಿಲ್ಲ. ಈಗ ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಜೀನ್ಸ್.

ಸಜ್ಜನಗಢದಲ್ಲಿ ದುಡ್ಡು ದಂಡ. ಮಹಾರಾಣಾ ಸಜ್ಜನ್ ಸಿಂಗ್ 1884ರಲ್ಲಿ ಮಳೆಮೋಡ ನೋಡೋಕೆ ಅಂತ ಗುಡ್ಡದ ಮೇಲೆ ಕಟ್ಟಿಸಲು ಹೊರಟ ಅರಮನೆ ಅದು. ನಾನು ಹೋದಾಗ ಮೋಡದ ಒಳಗೇ ಇತ್ತು. ಆಟೋ, ಟಿಕೆಟ್ಟು ಎಲ್ಲ ಸೇರಿ ಎಂಟುನೂರು ರೂಪಾಯಿಗೆ ಬಂದಿದ್ದು ಬಿಳಿ ಹಾಳೆಯಂಥ ಫ್ರೇಮುಗಳು.

ಬಾಗೋರ್ ಕಿ ಹವೇಲಿಯ ಸಂಜೆಯ ನೃತ್ಯಕ್ಕೆ ಸುಮ್ನೆ ಹೋಗಿದ್ದೆ. ಭವಾಯಿ ಕುಣಿತದಲ್ಲಿ ತಲೆ ಮೇಲೆ ಗಡಿಗೆ ಮೇಲೆ ಗಡಿಗೆ. ಚೀಲವನ್ನು ಮಂಡಿ ಮೇಲಿಟ್ಟು ಶಟರನ್ನು 1/15 ಸೆಕೆಂಡಿಗೆ ಇಳಿಸಿದೆ. ಲೆಹಂಗಾ, ಕೈ ಎಲ್ಲ ಬಣ್ಣದ ಸುಳಿ. ಗಡಿಗೆಗಳು ಮಾತ್ರ ಚೂಪಾಗಿ ಬಂದವು. ಆಕೆಯ ಕತ್ತು ನನ್ನ ಚೀಲಕ್ಕಿಂತ ಗಟ್ಟಿ. ನೂರರಲ್ಲಿ ನಾಲ್ಕೋ ಐದೋ ಉಳಿದವು, ಆದರೆ ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದವು ಅವೇ.

ಒಟ್ಟು ಖರ್ಚು ಹತ್ತೊಂಬತ್ತು ಸಾವಿರ ದಾಟಿರಲಿಕ್ಕಿಲ್ಲ. ಪ್ರಿಂಟಿಗೆ ಮೂರು ಸಾವಿರದ ಹತ್ತಿರ ಬೇರೆ. ರಾಜಾಜಿನಗರದ ಹಲ್ಲಿನ ಡಾಕ್ಟರೊಬ್ಬರು ಕ್ಲಿನಿಕ್ಕಿಗೆ ಅಂತ ಎರಡು ಪ್ರಿಂಟ್ ಕೊಂಡರು, ರೈಲಿನ ದುಡ್ಡು ವಾಪಸ್ ಬಂತು. ಪ್ರಿಂಟಿಗೆ ಮೂಗು ತಾಗಿಸಿದ ಹಿರಿಯರು ಈಗ ಟೈಲರ್ ನಂಬರ್ ಕೇಳುತ್ತಿದ್ದಾರೆ. ಇನ್ನೂ ಕೊಟ್ಟಿಲ್ಲ.

ಚೀಲ ಸೋತ ಜಾಗವೂ ಒಂದಿದೆ. ಗಣಗೌರ್ ಘಾಟಿನ ಹತ್ತಿರದ ದಾಯಿಜಿ ಕಾಲುಸೇತುವೆ. ಯಾರಾದರೂ ನಡೆದರೆ ಸೇತುವೆಯೇ ನಡುಗುತ್ತದೆ. ಅಲ್ಲಿ ರಾಗಿಯೂ ಅಷ್ಟೇ, ಮೂವತ್ತು ಸಾವಿರದ ಟ್ರೈಪಾಡೂ ಅಷ್ಟೇ. ಚಳಿಗಾಲದಲ್ಲಿ ಬೆಳಗಿನ ಐದಕ್ಕೆ, ಹಾಲಿನವರೂ ಬರೋ ಮುಂಚೆ, ಇನ್ನೊಮ್ಮೆ ನೋಡಬೇಕು.