ಕಾರಿನ ಅಡಿಯಲ್ಲಿ ಗಲಗಲ: ನಾನೇ ಹುಡುಕಿ ಸರಿಮಾಡಿದ ಕತೆ

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದಾಗ ಶುರುವಾಯಿತು ಇದು. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದರೆ ಅಡಿಯಿಂದ ಗಲಗಲ ಅಂತ ಸದ್ದು. ತಗಡಿನ ಡಬ್ಬಕ್ಕೆ ನಾಲ್ಕು ಒಣ ಅಡಿಕೆ ಹಾಕಿ ಅಲ್ಲಾಡಿಸಿದರೆ ಹೇಗಿರುತ್ತೆ, ಹಾಗೆ. ನನ್ನದು 2013ರ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಸಾಗರದ ಹತ್ತಿರದ ಊರಿಂದ ದಿನಾ ಶಾಲೆಗೆ ಹೋಗಿ ಬರುತ್ತೇನೆ, ಕೊನೆಯ ಮೂರು ಕಿಲೋಮೀಟರ್ ಜಲ್ಲಿ ಎದ್ದ ರಸ್ತೆ. ಅಂಥ ರಸ್ತೆ, ಮೇಲಿಂದ ನಮ್ಮ ಮಳೆ. ಅಡಿಭಾಗ ಗಟ್ಟಿಯಾಗಿ ಉಳಿದಿದ್ದರೇನೇ ಆಶ್ಚರ್ಯ.

ಮೊದಲು ಡಿಕ್ಕಿಯ ಮೇಲೆ ಅನುಮಾನ ಬಂತು. ಜಾಕ್, ಸ್ಪ್ಯಾನರ್, ಎರಡು ತಿಂಗಳಿಂದ ಅಲ್ಲೇ ಉರುಳಾಡುತ್ತಿದ್ದ ಸ್ಟೀಲ್ ಡಬ್ಬ, ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲಿ, ಎಲ್ಲವನ್ನೂ ಹೊರಗಿಟ್ಟೆ. ಡಿಕ್ಕಿ ಚೊಕ್ಕಟವಾಯಿತು. ಗಲಗಲ ಹಾಗೇ ಇತ್ತು.

ಆಮೇಲೆ ಎರಡು ಗ್ಯಾರೇಜಿಗೆ ಹೋದೆ. ಮೊದಲನೆಯವರು ಅರ್ಧ ನಿಮಿಷ ಕೇಳಿ, "ಸೈಲೆನ್ಸರ್ ಹೋಗಿದೆ ಮೇಡಂ, ಪೂರ್ತಿ ಬದಲಾಯಿಸ್ಬೇಕು, ಆರು ಸಾವಿರ ಆಗುತ್ತೆ" ಅಂದರು. ಎರಡನೆಯವರು ಇನ್ನೂ ಹೆದರಿಸಿದರು. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ, ಒಳಗೆ ಒಡೆದು ಪುಡಿಯಾಗಿದೆಯಂತೆ. ಹೊಸದು ಬಹಳ ದುಬಾರಿ, ಅದಕ್ಕೇ ಒಳಗಿರೋದನ್ನ ಕುಟ್ಟಿ ತೆಗೆದು ಖಾಲಿ ಡಬ್ಬ ವಾಪಸ್ ಕೂರಿಸಿಬಿಡೋಣ ಅನ್ನೋದು ಅವರ ಸಲಹೆ. ಹೊಗೆ ತಪಾಸಣೆಯಲ್ಲಿ ಆಮೇಲೆ ಏನಾಗುತ್ತೆ ಅಂತ ಕೇಳಿದ್ದಕ್ಕೆ, "ಯಜಮಾನ್ರನ್ನ ಕಳಿಸಿ ಮೇಡಂ, ಅವರ ಹತ್ರ ಮಾತಾಡ್ತೀನಿ" ಅಂದರು. ನಮ್ಮ ಯಜಮಾನರಿಗೆ ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಅಂತಲೂ ಗೊತ್ತಿಲ್ಲ ಅನ್ನೋದು ಬೇರೆ ಮಾತು. ಇಬ್ಬರಲ್ಲಿ ಒಬ್ಬರೂ ಕಾರಿನ ಕೆಳಗೆ ಬಗ್ಗಿ ನೋಡಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮಕ್ಕಳಿಗೆ ಮೊದಲು ಗಮನಿಸಿ, ಬರೆದಿಟ್ಟುಕೊಳ್ಳಿ, ಆಮೇಲೆ ತೀರ್ಮಾನ ಮಾಡಿ ಅಂತೇನೆ. ಸರಿ, ನಾನೂ ಒಂದು ಚೀಟಿ ಇಟ್ಟುಕೊಂಡೆ. ಐದು ದಿನ ಬರೆದೆ. ಬೆಳಿಗ್ಗೆ ತಣ್ಣಗಿದ್ದಾಗ ಸದ್ದು ಜೋರು, ಹತ್ತು ನಿಮಿಷ ಓಡಿಸಿದ ಮೇಲೆ ಕಡಿಮೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತುತ್ತಾ ಹೋದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸುವ ಮೀಟರಿನ ಮುಳ್ಳು 1800ರ ಹತ್ತಿರ ಬಂದಾಗ ಜರ್ರ್ ಅಂತ ಏರುತ್ತೆ, 2500 ದಾಟಿದರೆ ಮಾಯ. ಹಂಪ್ ಹತ್ತಿಸಿದರೆ, ಗುಂಡಿಗೆ ಇಳಿಸಿದರೆ ಏನೂ ವ್ಯತ್ಯಾಸ ಇಲ್ಲ.

ಈ ಚೀಟಿಯೇ ಅರ್ಧ ಕೆಲಸ ಮುಗಿಸಿತು. ಸದ್ದು ಎಲ್ಲಿಂದ ಬರ್ತಾ ಇದೆ ಅಂತ ಕಿವಿಗೊಟ್ಟರೆ ಮೋಸ ಹೋಗುತ್ತೇವೆ. ಎಂಜಿನ್ನಿಂದ ಹಿಂದಿನ ಬಂಪರ್ ತನಕ ಒಂದೇ ಉದ್ದ ಕಬ್ಬಿಣದ ಕೊಳವೆ, ಮುಂದೆ ಅಲ್ಲಾಡಿದ್ದು ಹಿಂದೆ ಕೇಳುತ್ತೆ. ನನಗೂ ಅದು ಹಿಂದಿನ ಸೀಟಿನ ಅಡಿಯಿಂದ ಬಂದ ಹಾಗೇ ಅನಿಸುತ್ತಿತ್ತು. ಆದರೆ ಯಾವಾಗ ಬರುತ್ತೆ ಅನ್ನೋದು ಸುಳ್ಳು ಹೇಳಲ್ಲ. ರಸ್ತೆಯ ಏರುತಗ್ಗಿಗೆ ಬರದೆ ಎಂಜಿನ್ನಿನ ವೇಗಕ್ಕೆ ಮಾತ್ರ ಬಂದರೆ, ತೂಗಾಡುವ ಭಾರದ ವಸ್ತು ಅಲ್ಲ, ನಡುಗುವ ತೆಳು ವಸ್ತು ಏನೋ ಇದೆ ಅಂತ ಅರ್ಥ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಉರಿಯುತ್ತೆ. ನಿಮಿಷಕ್ಕೆ 1800 ಸುತ್ತು ಅಂದರೆ ಸೆಕೆಂಡಿಗೆ 60 ಸಲ ತಳ್ಳಿದ ಹಾಗೆ. ಆ 60ಕ್ಕೆ ಸರಿಯಾಗಿ ಕುಣಿಯುವ ತಗಡು ಎಲ್ಲೋ ಇದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಶ್ರುತಿಕವೆ ಹಿಡಿದು ಅನುರಣನ (ಒಂದರ ನಡುಕಕ್ಕೆ ಇನ್ನೊಂದು ತಾನೂ ಕುಣಿಯುವುದು) ತೋರಿಸುವ ನನಗೆ ಇದು ಐದು ದಿನ ತಡವಾಗಿ ಹೊಳೆಯಿತು. ಬಿಸಿಯಾದಾಗ ಯಾಕೆ ಕಡಿಮೆ ಅಂದರೆ, ಲೋಹ ಹಿಗ್ಗಿ ಸಡಿಲ ಜಾಗ ತುಂಬಿಕೊಳ್ಳುತ್ತೆ, ಅಷ್ಟೇ.

ಭಾನುವಾರ ಬೆಳಿಗ್ಗೆ ಕೆಳಗೆ ಮಲಗಿದೆ. ಹಿಂದಿನ ರಾತ್ರಿಯಿಂದ ಕಾರು ತೆಗೆದಿರಲಿಲ್ಲ, ಕೊಳವೆ ಪೂರ್ತಿ ತಣ್ಣಗಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದ್ದು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಪಿಟ್ (ಕಾರಿನ ಕೆಳಗಿಳಿದು ನೋಡುವ ಗುಂಡಿ) ಇರುವ ಕಡೆ ಐವತ್ತು ನೂರು ಕೊಟ್ಟು ನೋಡಿ, ತಲೆ ಮೇಲೆ ಒಂದು ಟನ್ ಇಟ್ಟುಕೊಂಡು ಉಳಿತಾಯ ಬೇಡ.

ಟೈಲ್ಸ್ ಕೂರಿಸುವ ರಬ್ಬರ್ ಸುತ್ತಿಗೆ ಮನೆಯಲ್ಲಿತ್ತು. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ತಟ್ಟುತ್ತಾ ಬಂದೆ. ಸೈಲೆನ್ಸರ್ ಡಬ್ಬ ತಟ್ಟಿದರೆ ಡಬ್ ಅಂತ ಮಂದ ಸದ್ದು. ಒಳಗಿನ ತಗಡು ಕಿತ್ತುಬಂದಿದ್ದರೆ ಅಲ್ಲೇ ಕಟಕಟ ಅನ್ನುತ್ತಿತ್ತು. ಆರು ಸಾವಿರ ಉಳಿಯಿತು. ಕೊಳವೆಯ ಜಾಯಿಂಟುಗಳಲ್ಲಿ ಕಪ್ಪು ಮಸಿ ಕಾರಿದ ಗುರುತು ಇಲ್ಲ, ಅಂದರೆ ಹೊಗೆ ಸೋರುತ್ತಿಲ್ಲ. ಮುಂದೆ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ಪಿಂಗಾಣಿಯ ಜೇನುಗೂಡು ಇರುತ್ತೆ, ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ ಮಾಡಿರುತ್ತಾರೆ, ಬೆಲೆ ಅದಕ್ಕೇ. ಒಡೆದಿದ್ದರೆ ಗಿಟುಕು ಕೊಬ್ಬರಿ ಅಲ್ಲಾಡಿಸಿದ ಹಾಗೆ ಒಳಗೆ ಉರುಳಬೇಕು. ತಟ್ಟಿದೆ, ಉರುಳಲಿಲ್ಲ. ಅದೂ ಅಲ್ಲದೆ ಚೂರುಗಳು ದಾರಿ ಮುಚ್ಚಿದರೆ ಕಾರು ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಎಳೆಯುತ್ತೆ, ನನ್ನದು ಆರಾಮಾಗಿ ಏರುತ್ತಿತ್ತು.

ಸುತ್ತಿಗೆ ತೆಗೆಯುವಾಗ ಕೈ ತಾಗಿ ಜರ್ರ್ ಅಂತು. ಅದೇ ಸದ್ದು! ಬಿಸಿ ತಡೆಯಲು ಕನ್ವರ್ಟರಿನ ಹೊರಗೆ ಸುತ್ತಿದ ತೆಳು ತಗಡು, ಹೀಟ್ ಶೀಲ್ಡ್. ನೋಡಿದರೆ ಎಲ್ಲ ಸರಿಯಾಗೇ ಇತ್ತು, ನಾಲ್ಕೂ ಬೋಲ್ಟು ಅದರ ಜಾಗದಲ್ಲೇ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಎರಡು ಕಡೆ ತಗಡಿನ ತೂತು ತುಕ್ಕು ತಿಂದು ಬೋಲ್ಟಿನ ತಲೆಗಿಂತ ದೊಡ್ಡದಾಗಿದೆ. ಬೋಲ್ಟು ಇದೆ, ಅದು ಏನನ್ನೂ ಹಿಡಿದಿಲ್ಲ.

ಆದರೂ ಖಾತ್ರಿ ಬೇಕಲ್ವಾ. ಕಾರನ್ನು ನೆಲಕ್ಕಿಳಿಸಿ, ಶೆಡ್ಡಿನಿಂದ ಬಯಲಿಗೆ ತಂದು, ತಮ್ಮನನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅವನು 1800ಕ್ಕೆ ಹಿಡಿದ, ಗಲಗಲ ಶುರು. ನಾನು ಪಕ್ಕದಲ್ಲಿ ಕೂತು ಉದ್ದ ಅಡಿಕೆ ದಬ್ಬೆಯಿಂದ ಆ ತಗಡನ್ನು ಒತ್ತಿದೆ. ನಿಂತಿತು. ಬಿಟ್ಟೆ, ಶುರು. ಒತ್ತಿದೆ, ನಿಂತಿತು. "ಅಕ್ಕ, ಇಷ್ಟೇನಾ?" ಅಂದ. ಇಷ್ಟೇ.

ರಿಪೇರಿ ಸಣ್ಣದು, ಬೋಲ್ಟು ಬಿಚ್ಚುವುದೇ ದೊಡ್ಡದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟೆ. ಮರುದಿನ ಒಂದು ಬೋಲ್ಟು ಬಂತು, ಅದಕ್ಕೆ ಅಗಲದ ವಾಷರ್ ಹಾಕಿ ತಿರುಗಿಸಿದೆ. ಇನ್ನೊಂದು ಮುರಿಯುವ ಹಾಗೆ ಕಿರುಗುಟ್ಟಿತು, ಮುಟ್ಟಲು ಹೋಗಲಿಲ್ಲ. ಬದಲಿಗೆ ಹಾರ್ಡ್‌ವೇರ್ ಅಂಗಡಿಯಿಂದ ಸ್ಟೇನ್‌ಲೆಸ್ ಸ್ಟೀಲಿನ ಹೋಸ್ ಕ್ಲಿಪ್ ಎರಡು ತಂದು, ಒಂದರ ಬಾಲ ಇನ್ನೊಂದಕ್ಕೆ ಸೇರಿಸಿ ಉದ್ದ ಮಾಡಿ, ತಗಡು ಕನ್ವರ್ಟರ್ ಎರಡನ್ನೂ ಸೇರಿಸಿ ಸುತ್ತಿ ಬಿಗಿದೆ. ಪ್ಲಾಸ್ಟಿಕ್ ಟ್ಯಾಗ್ ಹಾಕಿದರೆ ಮೊದಲ ಟ್ರಿಪ್ಪಿನಲ್ಲೇ ಕರಗಿ ಹೋಗುತ್ತೆ. ಮೊದಲ ದಿನ ಸ್ಪ್ರೇ ಸುಟ್ಟ ವಾಸನೆ, ಸ್ವಲ್ಪ ಹೊಗೆ ಬಂತು. ಆಮೇಲೆ ನಿಂತಿತು.

ಆ ತಗಡು ಯಾಕೆ ಬೇಕು, ಕಿತ್ತು ಬಿಸಾಕು ಅಂದವರೂ ಇದ್ದಾರೆ. ಕನ್ವರ್ಟರ್ ಸರಿಯಾಗಿ ಕೆಲಸ ಶುರುಮಾಡುವುದೇ ಸುಮಾರು 300 ಡಿಗ್ರಿಯ ಆಸುಪಾಸಿಗೆ ಬಂದಾಗ. ನಮ್ಮ ಶಾಲೆಯಲ್ಲಿ ಕಾರು ನಿಲ್ಲಿಸುವುದು ಮರದಡಿ, ಜನವರಿ ಬಂತೆಂದರೆ ಅಲ್ಲಿ ಅರ್ಧ ಅಡಿ ದರಕು. ಆ ಬಿಸಿ ಡಬ್ಬಕ್ಕೂ ಒಣಗಿದ ಎಲೆಗೂ ನಡುವೆ ಇರುವುದು ಈ ತಗಡೊಂದೇ. ನಾನಂತೂ ತೆಗೆಯಲ್ಲ.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಒಂದು ವಾರಕ್ಕೆ ಶಾಲೆಯ ಗೇಟಿನ ಹಂಪ್ ಮೇಲೆ ಠಣ್ ಅಂತು. ನನ್ನ ಕ್ಲಿಪ್ ಸಡಿಲವಾಯಿತು ಅಂತ ಮೊದಲು ಅಂದುಕೊಂಡೆ, ಆಮೇಲೆ ಚೀಟಿ ನೆನಪಾಯಿತು. ಈ ಸದ್ದು ನಿಂತಾಗ ಇಲ್ಲ, ಎಂಜಿನ್ ಯಾವ ವೇಗದಲ್ಲಿ ತಿರುಗಿದರೂ ಇಲ್ಲ, ಕಾರು ಕುಲುಕಿದಾಗ ಮಾತ್ರ. ಹಾಗಾದರೆ ಇದು ತೂಗಾಡುವ ವಸ್ತು. ತಣ್ಣಗಿದ್ದಾಗ ಹಿಂದಿನ ಕೊಳವೆ ತುದಿ ಹಿಡಿದು ಅಲ್ಲಾಡಿಸಿದೆ, ಮೇಲೆ ಕಾರಿನ ತಳಕ್ಕೆ ಹೋಗಿ ಬಡಿಯಿತು. ಸೈಲೆನ್ಸರನ್ನು ತೂಗುಹಾಕುವ ರಬ್ಬರುಗಳಲ್ಲಿ ಒಂದು ಪೂರ್ತಿ ಹರಿದಿತ್ತು. ಇನ್ನೊಂದರ ಜಾಗದಲ್ಲಿ ರಬ್ಬರೇ ಇರಲಿಲ್ಲ, ಯಾರೋ ಪುಣ್ಯಾತ್ಮರು ಕಟ್ಟುತಂತಿ ಸುತ್ತಿದ್ದರು! ಕಾರು ತಗೊಂಡಾಗಿನಿಂದ ಒಳಗೆ ಕೇಳುತ್ತಿದ್ದ ಗುಂಯ್‌ಗೆ ಕಾರಣ ಅದೇ. ರಬ್ಬರು ನಡುಕವನ್ನು ನುಂಗುತ್ತೆ, ತಂತಿ ಅದನ್ನು ನೇರ ಕಾರಿನ ಮೈಗೆ ಕಳಿಸುತ್ತೆ.

ಮೂರೂ ರಬ್ಬರು ಹೊಸದು ಹಾಕಿದೆ, ಒಂದೇ ವಯಸ್ಸಿನವು ಒಂದರ ಹಿಂದೆ ಒಂದು ಹೋಗುತ್ತವೆ. ಕಂಬಿಗೆ ಸೋಪಿನ ನೀರು ಹಚ್ಚಿದರೆ ಜಾರಿ ಕೂರುತ್ತೆ, ಎಣ್ಣೆ ಬೇಡ, ರಬ್ಬರು ಊದಿಕೊಳ್ಳುತ್ತೆ. ಕ್ಲಿಪ್ಪು, ವಾಷರ್, ಸ್ಪ್ರೇ, ರಬ್ಬರು ಎಲ್ಲ ಸೇರಿ ಏಳುನೂರರ ಒಳಗೆ ಆಯಿತು.

ಈಗ ಉಳಿದಿರುವುದು ಒಂದೇ ಸದ್ದು. ಮನೆಗೆ ಬಂದು ಎಂಜಿನ್ ಆಫ್ ಮಾಡಿದ ಮೇಲೆ ಅಡಿಯಿಂದ ಟಿಕ್, ಟಿಕ್ ಅನ್ನುತ್ತೆ. ಮೊನ್ನೆ ತಮ್ಮ ಗಾಬರಿಯಾಗಿ, "ಅಕ್ಕ, ಮತ್ತೆ ಶುರುವಾಯ್ತು" ಅಂತ ದಬ್ಬೆ ತರಲು ಓಡಿದ. ಕೊಳವೆ ತಣ್ಣಗಾಗುತ್ತಾ ಕುಗ್ಗುವ ಸದ್ದು ಕಣೋ ಅದು, ಎಲ್ಲ ಕಾರಲ್ಲೂ ಬರುತ್ತೆ ಅಂತ ಹೇಳಿ ಕಾಫಿ ಕುಡಿಯಲು ಒಳಗೆ ಕರೆದೆ.