ಸವೆಯದ ಪಿಟೀಲಿನ ಮುಂದೆ ಒಂದು ಮಧ್ಯಾಹ್ನ

ಪಿಟೀಲು ನುಡಿಸುವುದರ ಜೊತೆ ಸಣ್ಣಪುಟ್ಟ ರಿಪೇರಿಯನ್ನೂ ಮಾಡುತ್ತೇನೆ. ಹಳೇ ಪಿಟೀಲು ಕೈಗೆ ಬಂದರೆ ಒಳಗೆ ಅಂಟಿಸಿದ ಚೀಟಿಯನ್ನು ಕೊನೆಗೆ ಓದುತ್ತೇನೆ. ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವಾರಿಯ ಹೆಸರಲ್ಲಿ ‘ಸ್ಟ್ರಾಡಿವಾರಿಯಸ್’ ಅಂತ ಅಚ್ಚಾದ ಚೀಟಿ ಜರ್ಮನಿಯ ಅಗ್ಗದ ಪಿಟೀಲುಗಳಲ್ಲೂ ಬೇಕಾದಷ್ಟಿದೆ. ಮೊದಲು ನೋಡುವುದು ಸವೆತ.

ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಸ್ಟ್ರಾಡಿವಾರಿಯ 1716ರ ‘ಮೆಸ್ಸೀಯ’ ಪಿಟೀಲಿನ ಮುಂದೆ ನಿಂತಾಗ ಆ ಅಭ್ಯಾಸವೇ ಕೈಕೊಟ್ಟಿತು. ಗಾಜಿನ ಪೆಟ್ಟಿಗೆ, ಮುಟ್ಟುವ ಹಾಗಿಲ್ಲ. ಮಂಡಿ ಬಗ್ಗಿಸಿ, ಬೆಳಕು ವಾರ್ನಿಷ್ ಮೇಲೆ ಓರೆಯಾಗಿ ಜಾರುವಂತೆ ಪಕ್ಕದಿಂದ ನೋಡಿದೆ. ಕೆಂಪು ಮಿಶ್ರಿತ ಕಿತ್ತಳೆ ಬಣ್ಣ, ಹಿಂಬದಿಯ ಮೇಪಲ್ ಮರದಲ್ಲಿ ಹುಲಿಪಟ್ಟೆಯಂಥ ಗೆರೆ. ಗಲ್ಲ ತಾಗುವ ಕಡೆ, ಎಡಗೈ ಉಜ್ಜುವ ಭುಜದ ಕಡೆ ವಾರ್ನಿಷ್ ಹೋಗಿರಬೇಕಿತ್ತು. ಹೋಗಿಲ್ಲ! ತಲೆಯ ಸುರುಳಿಯ ಅಂಚಿಗೆ ಸ್ಟ್ರಾಡಿವಾರಿ ಕಪ್ಪು ಬಳಿಯುತ್ತಿದ್ದ. ಬೇರೆ ಪಿಟೀಲುಗಳಲ್ಲಿ ಅದು ಬಹುಪಾಲು ಅಳಿಸಿಹೋಗಿದೆ, ಇಲ್ಲಿ ಉಳಿದಿದೆ. ನಾವು ಕರ್ನಾಟಕ ಸಂಗೀತದವರು ಸುರುಳಿಯನ್ನು ಬಲಗಾಲಿನ ಮೇಲೆ ಊರಿ ನುಡಿಸುತ್ತೇವೆ. ನನ್ನದರ ಸುರುಳಿ ಅಲ್ಲೇ ಬೋಳಾಗಿದೆ.

ಯಾಕೆ ಸವೆದಿಲ್ಲ ಅಂದರೆ, ಇದರ ಯಜಮಾನರೆಲ್ಲ ಬಚ್ಚಿಡುವವರೇ. 1737ರಲ್ಲಿ ಸ್ಟ್ರಾಡಿವಾರಿ ಸತ್ತಾಗಲೂ ಇದು ಅವನ ಮನೆಯಲ್ಲೇ ಇತ್ತು. 1775ರ ಹೊತ್ತಿಗೆ ಮಗ ಪಾವ್ಲೋ ಕೌಂಟ್ ಕೋಜಿಯೋಗೆ ಮಾರಿದ. 1827ರಲ್ಲಿ ತಾರೀಸಿಯೋ ಎಂಬ ವ್ಯಾಪಾರಿ ಕೊಂಡ. ಪ್ಯಾರಿಸ್‌ನಲ್ಲಿ ಇದನ್ನು ಹೊಗಳಿದ್ದೇ ಹೊಗಳಿದ್ದು, ಒಮ್ಮೆಯೂ ತರಲಿಲ್ಲ. ಇದು ಯಹೂದಿಗಳು ಕಾಯುವ ರಕ್ಷಕ ಮೆಸ್ಸೀಯನ ಹಾಗೆ, ಎಷ್ಟು ಕಾದರೂ ಬರೋದೇ ಇಲ್ಲ ಅಂತ ಪಿಟೀಲುವಾದಕ ಅಲಾರ್ ಚುಚ್ಚಿದನಂತೆ. ಹೆಸರು ಹಾಗೇ ಉಳಿಯಿತು. ತಾರೀಸಿಯೋ ಸತ್ತ ಮೇಲೆ, 1855ರಲ್ಲಿ, ಅಲಾರ್‌ನ ಮಾವ ವಿಯೋಮ್ ಕೊಂಡ. ಕೊನೆಗೆ ಲಂಡನ್ನಿನ ಹಿಲ್ ಮನೆತನ ಮ್ಯೂಸಿಯಂಗೆ ಕೊಟ್ಟಿತು.

ವಿಯೋಮ್ ಸ್ವತಃ ಪಿಟೀಲು ಮಾಡುವವನು, ನಕಲು ಮಾಡುವುದರಲ್ಲಿ ಎತ್ತಿದ ಕೈ. ಬಿರಡೆ, ತಂತಿಗಳ ಬುಡ ಹಿಡಿಯುವ ಕೆತ್ತನೆಯ ಟೇಲ್‌ಪೀಸ್ ಅವನವೇ. ಹಾಗಾದರೆ ಪಿಟೀಲೂ ಅವನದೇ ಏಕಾಗಿರಬಾರದು ಅಂತ ಅನುಮಾನ ಎದ್ದದ್ದು ಸಹಜ ಅಲ್ವಾ? ಮೇಲ್ಹಲಗೆಯ ಸ್ಪ್ರೂಸ್ ಮರದ ವರ್ಷದ ಉಂಗುರ ಎಣಿಸಿದರು. ಕಡೆಯದು 1680ರ ದಶಕದ್ದು. ಸ್ಟ್ರಾಡಿವಾರಿ ಕಾಲಕ್ಕೆ ಸರಿಹೊಂದುತ್ತದೆ. ಆದರೆ ಹಳೇ ಮರವನ್ನು ಯಾರು ಬೇಕಾದರೂ ಕೆತ್ತಬಹುದು. ನನ್ನನ್ನು ಒಪ್ಪಿಸಿದ್ದು ಉಂಗುರಕ್ಕಿಂತ ಜಾಸ್ತಿ ಆ ಯಜಮಾನರ ಪಟ್ಟಿ. ಅಷ್ಟು ಜನ ಬಚ್ಚಿಟ್ಟ ಮೇಲೆ ಹೊಸದಾಗಿಯೇ ಕಾಣಬೇಕು.

ಮೂರನೇ ಸುತ್ತು ಹಾಕುವಾಗ ಕಾವಲಿನವರು ನನ್ನನ್ನೇ ನೋಡುತ್ತಿದ್ದರು.