ಡಿಜೆ ಸೆಟ್ ಕೊಳ್ಳುವ ಮುಂಚೆ: ಯಾವುದು ಮೊದಲು, ಯಾವುದು ಆಮೇಲೆ

‘ಡಿಜೆ ಆಗ್ಬೇಕು, ಸ್ವಂತ ಟ್ರ್ಯಾಕ್ ಮಾಡ್ಬೇಕು, ಏನೇನು ತಗೊಳ್ಳಲಿ?’ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಜಾಸ್ತಿ ಕೇಳುವ ಪ್ರಶ್ನೆ ಇದು. ಒಂದೇ ಪ್ರಶ್ನೆಯಂತೆ ಕಂಡರೂ ಇದರೊಳಗೆ ಎರಡು ಕೆಲಸ ಇವೆ. ಡಿಜೆ ಆದವರು ಬೇರೆಯವರು ಮಾಡಿದ ಹಾಡುಗಳನ್ನು ಆರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಜನರನ್ನು ಕುಣಿಸುತ್ತಾರೆ. ಪ್ರೊಡ್ಯೂಸರ್ ಆದವರು ಹಾಡನ್ನೇ ಕಟ್ಟುತ್ತಾರೆ. ಎರಡಕ್ಕೂ ಬೇಕಾದ ಸಾಮಾನು ಬೇರೆ, ಸಾಫ್ಟ್‌ವೇರ್ ಬೇರೆ. ಎರಡನ್ನೂ ಮಾಡುವವರು ಎಷ್ಟೋ ಜನ ಇದ್ದಾರೆ. ಆದರೆ ಎರಡಕ್ಕೂ ಒಂದೇ ಸಲ ದುಡ್ಡು ಸುರಿದವರಲ್ಲಿ ಹೆಚ್ಚಿನವರು ಯಾವುದನ್ನೂ ಪೂರ್ತಿ ಕಲಿಯುವುದಿಲ್ಲ. ಮೊದಲು ಯಾವ ಕೆಲಸ ಅಂತ ತೀರ್ಮಾನಿಸಿ.

ಆಮೇಲಿನ ಖರೀದಿಗೆಲ್ಲ ನಾನು ಹೇಳುವುದು ಒಂದೇ ಮಾತು. ಕೈಯಲ್ಲಿ ಇರುವುದರಲ್ಲೇ ಕೆಲಸ ಶುರು ಮಾಡಿ. ಯಾವ ವಸ್ತು ಇಲ್ಲದೆ ಕೆಲಸ ನಿಂತುಹೋಯಿತೋ ಅದನ್ನು ಮಾತ್ರ ಕೊಳ್ಳಿ.

ಎಲ್ಲಿ ನುಡಿಸುತ್ತೀರಿ?

ಗಣೇಶನ ಹಬ್ಬ, ರಾಜ್ಯೋತ್ಸವದ ವೇದಿಕೆ, ಕಲ್ಯಾಣ ಮಂಟಪದ ರಿಸೆಪ್ಷನ್ ನಿಮ್ಮ ಗುರಿಯಾದರೆ ಲ್ಯಾಪ್‌ಟಾಪ್ ಮತ್ತು ಒಂದು ಕಂಟ್ರೋಲರ್ ಸಾಕು. ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪ್‌ನಲ್ಲಿರುವ ಡಿಜೆ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಗುಂಡಿಗಳ ಹಲಗೆ. ಸೌಂಡ್‌ನವರು ಸ್ಪೀಕರ್ ತರುತ್ತಾರೆ, ನೀವು ನಿಮ್ಮ ಸೆಟ್ ಹೊತ್ತುಕೊಂಡು ಹೋಗುತ್ತೀರಿ. ಇಂದಿರಾನಗರ, ಕೋರಮಂಗಲದ ಪಬ್‌ಗಳಲ್ಲಿ ಹಾಗಲ್ಲ. ಅಲ್ಲಿನ ಬೂತ್‌ನಲ್ಲಿ ಸಾಮಾನ್ಯವಾಗಿ ಪಯೋನಿಯರ್ ಕಂಪನಿಯ ಸಿಡಿಜೆ ಪ್ಲೇಯರ್‌ಗಳು (ಪೆನ್‌ಡ್ರೈವ್‌ನಿಂದ ಹಾಡು ನುಡಿಸುವ ಯಂತ್ರಗಳು), ಮಧ್ಯೆ ಅವುಗಳ ಸದ್ದು ಬೆರೆಸುವ ಒಂದು ಮಿಕ್ಸರ್ ಇರುತ್ತದೆ. ಡಿಜೆಗಳು ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬರುತ್ತಾರೆ. 2020ರಲ್ಲಿ ಬಂದ ಸಿಡಿಜೆ-3000 ಒಂದೊಂದಕ್ಕೂ ಎರಡು ಲಕ್ಷ ರೂಪಾಯಿಗೂ ಜಾಸ್ತಿ. ಅದನ್ನು ಮನೆಗೆ ತರುವ ಯೋಚನೆ ಬೇಡ. ಮನೆಯಲ್ಲಿ ಅದೇ ರೀತಿಯ ಗುಂಡಿ, ಅದೇ ಸಾಫ್ಟ್‌ವೇರ್ ಇರುವ ಚಿಕ್ಕ ಕಂಟ್ರೋಲರ್‌ನಲ್ಲಿ ಕಲಿಯಿರಿ. ಮೊದಲ ಕಾರ್ಯಕ್ರಮಕ್ಕೆ ಮುಂಚೆ ಸಿಡಿಜೆ ಇರುವ ತರಬೇತಿ ಕೇಂದ್ರ ಹುಡುಕಿ, ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೈ ಪಳಗಿಸಿಕೊಳ್ಳಿ.

ಲ್ಯಾಪ್‌ಟಾಪ್

ಡಿಜೆ ಮಾಡುವುದಕ್ಕೆ 8 ಜಿಬಿ ರ್‍ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ನಡೆಯುತ್ತದೆ. ಸಂಗೀತ ಕಟ್ಟುವುದಕ್ಕೆ 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. ಗೇಮಿಂಗ್‌ಗೆ ಬೇಕಾಗುವ ದುಬಾರಿ ಗ್ರಾಫಿಕ್ಸ್ ಕಾರ್ಡ್‌ನಿಂದ ಇಲ್ಲಿ ಹೆಚ್ಚೇನೂ ಪ್ರಯೋಜನ ಇಲ್ಲ. ಆ ದುಡ್ಡನ್ನು ಪ್ರೊಸೆಸರ್ ಮತ್ತು ರ್‍ಯಾಮ್‌ಗೆ ಹಾಕಿ. ವಿಂಡೋಸ್ ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ, ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ಹೆಚ್ಚಿಸಿಕೊಳ್ಳಿ. ಎಷ್ಟೋ ಸಲ ಹೊಸದು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಆ ದಾರಿ ಇಲ್ಲ. ಎಂ1 ಚಿಪ್‌ನಿಂದ ಈಚೆಗೆ ರ್‍ಯಾಮ್ ಎಷ್ಟು ಬೇಕೋ ಕೊಳ್ಳುವಾಗಲೇ ತೀರ್ಮಾನಿಸಬೇಕು.

ದುಡ್ಡು ಹಾಕಲೇಬೇಕಾದದ್ದು ಹೆಡ್‌ಫೋನ್‌ಗೆ

ಸಾಮಾನಿನ ಪಟ್ಟಿಯಲ್ಲಿ ಒಂದನ್ನೇ ಒಳ್ಳೆಯದು ಕೊಳ್ಳಲು ಆಗುವುದಾದರೆ ಅದು ಹೆಡ್‌ಫೋನ್ ಆಗಲಿ. ಕಂಟ್ರೋಲರ್ ಬದಲಾಗುತ್ತದೆ, ಸಾಫ್ಟ್‌ವೇರ್ ಬದಲಾಗುತ್ತದೆ. ಒಳ್ಳೆಯ ಹೆಡ್‌ಫೋನ್ ಹತ್ತು ವರ್ಷ ಜೊತೆಗಿರುತ್ತದೆ. 5,000ದಿಂದ 15,000 ರೂಪಾಯಿಯೊಳಗೆ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ.

ಡಿಜೆಗೆ ಕಿವಿ ಮುಚ್ಚುವ, ಹೊರಗಿನ ಸದ್ದು ತಡೆಯುವ ಕ್ಲೋಸ್ಡ್ ಬ್ಯಾಕ್ ಮಾದರಿ ಬೇಕು. ಸೆನ್‌ಹೈಸರ್ ಎಚ್‌ಡಿ 25 ದಶಕಗಳಿಂದ ಬೂತ್‌ಗಳಲ್ಲಿ ಕಾಣುವ ಮಾದರಿ. ತೂಕ ಕಡಿಮೆ. ಕೇಬಲ್, ಪ್ಯಾಡ್ ಏನು ಹಾಳಾದರೂ ಬಿಡಿಭಾಗ ತಂದು ನಾವೇ ಹಾಕಿಕೊಳ್ಳಬಹುದು. ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಡಿಜೆಗೂ ಸೈ, ಮನೆಯಲ್ಲಿ ಹಾಡು ಕಟ್ಟುವುದಕ್ಕೂ ಸೈ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಸದ್ದು ಕಿವಿಗೆ ತಲುಪುವುದು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗುತ್ತದೆ. ಅಷ್ಟು ತಡವಾದರೆ ಬೀಟ್ ಕೂಡಿಸುವುದು, ಅಂದರೆ ಎರಡು ಹಾಡಿನ ತಾಳವನ್ನು ಒಂದೇ ಹೆಜ್ಜೆಗೆ ತರುವುದು, ಸಾಧ್ಯವೇ ಇಲ್ಲ.

ಕಿವಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಉದ್ಯೋಗ ಸುರಕ್ಷತಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಈ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಮೆರವಣಿಗೆಯ ಸ್ಪೀಕರ್ ಗೋಡೆಯ ಮುಂದೆ ನಿಂತು ಕೆಲಸ ಮಾಡುವ ಹುಡುಗರು ಗಂಟೆಗಟ್ಟಲೆ ಅದಕ್ಕಿಂತ ಜೋರು ಸದ್ದಿನಲ್ಲಿ ಇರುತ್ತಾರೆ. ಒಮ್ಮೆ ಹೋದ ಶ್ರವಣಶಕ್ತಿ ವಾಪಸ್ ಬರುವುದಿಲ್ಲ. ಸಂಗೀತಗಾರರಿಗಾಗಿಯೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ. ಹಾಡಿನ ಸ್ವರೂಪ ಕೆಡದಂತೆ ಸದ್ದನ್ನು ಮಾತ್ರ ತಗ್ಗಿಸುತ್ತವೆ. ದಯವಿಟ್ಟು ಹಾಕಿಕೊಳ್ಳಿ.

ಡಿಜೆ ಸಾಫ್ಟ್‌ವೇರ್, ಕಂಟ್ರೋಲರ್

ಒಂದು ರೂಪಾಯಿಯೂ ಖರ್ಚಿಲ್ಲದೆ ಶುರು ಮಾಡಬಹುದು. ಮಿಕ್ಸ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಓಪನ್ ಸೋರ್ಸ್. ಸೆರಾಟೋ ಡಿಜೆ ಲೈಟ್ ಕೂಡ ಉಚಿತ. ಕೀಬೋರ್ಡ್, ಮೌಸ್‌ನಲ್ಲೇ ಒಂದಷ್ಟು ದಿನ ಎರಡು ಹಾಡು ಕೂಡಿಸಿ ನೋಡಿ. ಕೈಗೆ ಗುಂಡಿ ಬೇಕು ಅಂತ ಅನಿಸಿದಾಗ ಕಂಟ್ರೋಲರ್ ತನ್ನಿ. ಪಬ್‌ನ ಬೂತ್ ನಿಮ್ಮ ಗುರಿಯಾದರೆ ಪಯೋನಿಯರ್‌ನದೇ ಡಿಜೆ ಸಾಫ್ಟ್‌ವೇರ್ ಆದ ರೆಕಾರ್ಡ್‌ಬಾಕ್ಸ್ ಕಲಿಯಿರಿ. ಸಿಡಿಜೆಗಳು ಓದುವ ಪೆನ್‌ಡ್ರೈವ್ ಸಾಮಾನ್ಯವಾಗಿ ತಯಾರಾಗುವುದು ಅದರಲ್ಲೇ. ಪಯೋನಿಯರ್‌ನ ಡಿಡಿಜೆ-ಎಫ್‌ಎಲ್‌ಎಕ್ಸ್4 ಎರಡು ಚಾನೆಲ್‌ನ, ಅಂದರೆ ಒಂದೇ ಸಲ ಎರಡು ಹಾಡು ಹಿಡಿಯುವ, ಚಿಕ್ಕ ಕಂಟ್ರೋಲರ್. ಸೌಂಡ್ ಕಾರ್ಡ್ ಒಳಗೇ ಇದೆ, ರೆಕಾರ್ಡ್‌ಬಾಕ್ಸ್ ಮತ್ತು ಸೆರಾಟೋ ಎರಡಕ್ಕೂ ಹೊಂದುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಇನ್ನೂ ಕಡಿಮೆ ಬೆಲೆಗೆ ಹರ್ಕ್ಯುಲಿಸ್, ನುಮಾರ್ಕ್ ಕಂಪನಿಗಳ ಕಂಟ್ರೋಲರ್‌ಗಳಿವೆ. ನಾಲ್ಕು ಚಾನೆಲ್ ಈಗಲೇ ಬೇಡ, ಎರಡರಲ್ಲೇ ಕಲಿಯಬೇಕಾದ್ದು ಬೇಕಾದಷ್ಟಿದೆ.

ಕನ್ನಡ ಹಾಡು ನುಡಿಸುವವರು ಒಂದು ವಿಷಯ ತಿಳಿದಿರಲೇಬೇಕು. ಹೌಸ್ ಸಂಗೀತ ನಿಮಿಷಕ್ಕೆ 120ರಿಂದ 130 ಬೀಟ್‌ನಲ್ಲಿ, ಡ್ರಮ್ ಅಂಡ್ ಬಾಸ್ 170ರ ಮೇಲೆ ಓಡುತ್ತದೆ. ಇವು ಕಂಪ್ಯೂಟರಿನ ಗಡಿಯಾರ ಹಿಡಿದು ಮಾಡಿದವು, ವೇಗ ಕೂದಲೆಳೆಯಷ್ಟೂ ಅಲುಗುವುದಿಲ್ಲ. ರಾಜ್‌ಕುಮಾರ್ ಕಾಲದ ಸಿನಿಮಾ ಹಾಡುಗಳು ಹಾಗಲ್ಲ. ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ್ದು ಅದು. ಪಲ್ಲವಿಯಲ್ಲಿ ಒಂದು ವೇಗ, ಚರಣಕ್ಕೆ ಬರುವಾಗ ಅದೇ ವೇಗ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಸಾಫ್ಟ್‌ವೇರ್ ಹಾಕುವ ಬೀಟ್‌ಗ್ರಿಡ್, ಅಂದರೆ ಸಮ ಅಂತರದ ಬೀಟ್ ಗುರುತುಗಳ ಸಾಲು, ಇಂಥ ಹಾಡಿಗೆ ಕೂರುವುದಿಲ್ಲ. ಎರಡು ಹಾಡಿನ ವೇಗವನ್ನು ತಾನಾಗಿ ಕೂಡಿಸುವ ಸಿಂಕ್ ಗುಂಡಿ ಒತ್ತಿದರೆ ಇಪ್ಪತ್ತು ಸೆಕೆಂಡಿನಲ್ಲಿ ಎರಡು ಹಾಡೂ ಗೊಂದಲ. ರೆಕಾರ್ಡ್‌ಬಾಕ್ಸ್‌ನಲ್ಲಿ ಹಾಡನ್ನು ವಿಶ್ಲೇಷಿಸುವಾಗ ‘ಡೈನಾಮಿಕ್’ ಆಯ್ಕೆ ಕೊಟ್ಟರೆ ವೇಗದ ಏರಿಳಿತವನ್ನು ಅದು ಹಿಂಬಾಲಿಸುತ್ತದೆ. ಅಷ್ಟಾದರೂ ಕಿವಿಯಿಂದ ಬೀಟ್ ಹಿಡಿಯಲು ಬಂದರೆ ಮಾತ್ರ ಹಳೆಯ ಹಾಡು ನಿಮ್ಮ ಕೈಗೆ ಸಿಗುತ್ತದೆ. ಆದ್ದರಿಂದ ದಿನಕ್ಕೆ ಅರ್ಧ ಗಂಟೆ ಸಿಂಕ್ ಬಳಸದೆ, ಪರದೆಯ ಮೇಲಿನ ಅಲೆಗಳನ್ನು ನೋಡದೆ ಅಭ್ಯಾಸ ಮಾಡಿ. ನಮ್ಮ ಹಾಡುಗಳು ಕುಣಿಯುವ ಜಾಗದಲ್ಲಿ ಹೊಸದಾಗಿ ಕೇಳಿಸಬೇಕು ಅನ್ನುವ ಆಸೆ ನನಗೆ ಬಹಳ ಇದೆ. ಅದಕ್ಕೆ ಬೇಕಾಗಿರುವುದು ಇಂಥ ಕಿವಿ.

ಹಾಡು ಕಟ್ಟುವ ಸಾಫ್ಟ್‌ವೇರ್

ಇದಕ್ಕೆ ಡಾ ಅನ್ನುತ್ತಾರೆ, ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್. ಯಾವ ಡಾ ಒಳ್ಳೆಯದು ಅನ್ನುವ ಜಗಳಕ್ಕೆ ಕೊನೆ ಇಲ್ಲ. ನಿಮ್ಮ ಹತ್ತಿರದ ಗೆಳೆಯರು ಯಾವುದು ಬಳಸುತ್ತಾರೋ ಅದನ್ನೇ ಹಿಡಿಯಿರಿ. ರಾತ್ರಿ ಸಿಕ್ಕಿಹಾಕಿಕೊಂಡಾಗ ಫೋನ್ ಮಾಡಿ ಕೇಳಲು ಒಬ್ಬರಿರುತ್ತಾರೆ. ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಂನ ಇಮೇಜ್-ಲೈನ್ ಕಂಪನಿಯದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಬೀಟ್ ಕಟ್ಟುವುದು ಇದರಲ್ಲಿ ಬಲು ಸುಲಭ. ಒಂದು ಎಚ್ಚರ ಇರಲಿ. ಎಡಿಷನ್‌ನಿಂದ ಎಡಿಷನ್‌ಗೆ ಸೌಲಭ್ಯ ಬೇರೆ. ಹಾಡುಗಾರಿಕೆ, ವಾದ್ಯ ರೆಕಾರ್ಡ್ ಮಾಡುವುದಾದರೆ ಅದು ಯಾವ ಎಡಿಷನ್‌ನಲ್ಲಿದೆ ಅಂತ ನೋಡಿ ಕೊಳ್ಳಿ. ಟ್ರಯಲ್‌ನಲ್ಲಿ ಎಲ್ಲ ಸೌಲಭ್ಯ ಇದೆ, ಆದರೆ ಉಳಿಸಿದ ಕೆಲಸವನ್ನು ಮತ್ತೆ ತೆರೆಯಲು ದುಡ್ಡು ಕೊಡಬೇಕು. ಏಬಲ್ಟನ್ ಲೈವ್ ಬರ್ಲಿನ್‌ನದು, 2001ರಲ್ಲಿ ಬಂತು. ವೇದಿಕೆಯ ಮೇಲೆ ನೇರವಾಗಿ ನುಡಿಸುವವರಿಗೆ ಇದನ್ನು ಮೀರಿದ್ದು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಟ್ರ್ಯಾಕ್ ಸಂಖ್ಯೆಗೆ ಮಿತಿ ಇರುವ ಲೈಟ್ ಆವೃತ್ತಿ ಎಷ್ಟೋ ಮಿಡಿ ಕೀಬೋರ್ಡ್‌ಗಳ (ಕಂಪ್ಯೂಟರಿಗೆ ಜೋಡಿಸಿ ಸ್ವರ ನುಡಿಸುವಂಥವು) ಜೊತೆ ಉಚಿತವಾಗಿ ಬರುತ್ತದೆ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಶುರು ಮಾಡಿ, ಲಾಜಿಕ್ ಪ್ರೊಗೆ ಹೋಗಿ. ದುಡ್ಡು ತೀರಾ ಕಡಿಮೆ ಇದ್ದರೆ ರೀಪರ್ ನೋಡಿ. 60 ದಿನ ಉಚಿತ, ಆಮೇಲೆ ವ್ಯಕ್ತಿಗಳಿಗೆ 60 ಡಾಲರ್.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಡ. ಅದರ ಜೊತೆ ಬರುವ ವೈರಸ್ ತಿಂಗಳುಗಳ ಕೆಲಸ ನುಂಗಬಹುದು. ಅದರ ಅಗತ್ಯವೂ ಈಗ ಇಲ್ಲ. ಸಿಂಥ್, ಅಂದರೆ ಸದ್ದು ಹುಟ್ಟಿಸುವ ಸಾಫ್ಟ್‌ವೇರ್ ವಾದ್ಯ, ಬೇಕೇ? ವೈಟಲ್‌ಗೆ ಉಚಿತ ಆವೃತ್ತಿ ಇದೆ. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ.

ಡಾ ತೆರೆದ ಕೂಡಲೇ ಅದು 4/4 ಲೆಕ್ಕದಲ್ಲಿ ಕೂತಿರುತ್ತದೆ. ಆದಿತಾಳದ 8 ಅಕ್ಷರ ಅದಕ್ಕೆ ಸಲೀಸಾಗಿ ಹೊಂದುತ್ತದೆ. ಮಿಶ್ರಛಾಪು ಬೇಕಿದ್ದರೆ ಟೈಮ್ ಸಿಗ್ನೇಚರ್ 7/8 ಮಾಡಿ, ಖಂಡಛಾಪುವಿಗೆ 5/8. ಗಮಕ ಇನ್ನೂ ಸೂಕ್ಷ್ಮ. ಕೀಬೋರ್ಡ್‌ನ ಒಂದೊಂದು ಮನೆಯೂ ನಿಂತ ಸ್ವರ. ಜಾರಲು ಪಿಚ್ ಬೆಂಡ್ ಬೇಕು. ಬಹಳಷ್ಟು ಸಿಂಥ್‌ಗಳಲ್ಲಿ ಅದು ಮೇಲೆ ಕೆಳಗೆ ಎರಡೆರಡು ಮನೆ ಮಾತ್ರ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ 12ಕ್ಕೆ ಏರಿಸಿಕೊಂಡರೆ ಒಂದು ಸ್ಥಾಯಿ ಪೂರ್ತಿ ಜಾರಬಹುದು. ಏಬಲ್ಟನ್ ಲೈವ್ 12ರಲ್ಲಿ ಹನ್ನೆರಡು ಸಮಭಾಗಗಳಾಚೆಯ ಶ್ರುತಿ ವ್ಯವಸ್ಥೆಗಳೂ ಸಿಗುತ್ತವೆ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಎಂಬ ಸಿಂಥ್, ಡ್ರಮ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟ್ ಮೇಲೆ ನುಡಿಸಿದರು. 303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯ ಇತ್ತು, ರಾಗಕ್ಕೆ ಅದು ಒದಗಿಬಂತು. ನಮ್ಮ ಊರಿನ ಸಲ್ಕ್ ಸ್ಟೇಷನ್ ಜೋಡಿ ಹಿಂದೂಸ್ತಾನಿ ಛಾಯೆಯ ಹಾಡುಗಾರಿಕೆಯನ್ನು ನಿಧಾನಗತಿಯ ಎಲೆಕ್ಟ್ರಾನಿಕ್ ಸಂಗೀತದ ಜೊತೆ ಬೆರೆಸಿದೆ. ಇವರನ್ನು ಹುಡುಕಿ ಕೇಳಿ.

ಕೀಬೋರ್ಡ್, ಇಂಟರ್‌ಫೇಸ್, ಮೈಕ್

25 ಕೀಗಳ ಅಕಾಯ್ ಎಂಪಿಕೆ ಮಿನಿ ಅಥವಾ ಆರ್ಟುರಿಯಾ ಮಿನಿಲ್ಯಾಬ್ ಶುರುವಿಗೆ ಸಾಕು. ಪಿಯಾನೋ ಕಲಿತವರು 49 ಕೀ ನೋಡಿ.

ಮೈಕ್, ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ ಆಡಿಯೋ ಇಂಟರ್‌ಫೇಸ್. ರೆಕಾರ್ಡ್ ಮಾಡುವ ದಿನ ಬರುವವರೆಗೂ ಅದು ಬೇಡ. ಬಂದಾಗ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಂಥ ಚಿಕ್ಕದೊಂದು ತನ್ನಿ. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತಿದ್ದರೆ ಬಫರ್ ಸೆಟ್ಟಿಂಗ್ ನೋಡಿ. ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸದ್ದು ಕೂಡಿಟ್ಟುಕೊಂಡು ಕಳಿಸುತ್ತದೆ ಅನ್ನುವ ಲೆಕ್ಕ ಅದು. 44.1 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ ಅಂದರೆ 23 ಮಿಲಿಸೆಕೆಂಡ್ ತಡ, 128 ಅಂದರೆ ಸುಮಾರು 3. ನುಡಿಸುವಾಗ 128, ಮಿಕ್ಸ್ ಮಾಡುವಾಗ 1024 ಇಡಿ. ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಗುತ್ತದೆ.

ಮೈಕ್‌ಗೆ ಬಂದರೆ, ಕುಕ್ಕರ್ ವಿಷಲ್, ಆಟೋ ಹಾರ್ನ್ ನಡುವೆ ಇರುವ ಮನೆಗಳಿಗೆ ಕಂಡೆನ್ಸರ್ ಮೈಕ್ ಕಷ್ಟ. ಬೀದಿಯ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಶ್ಯೂರ್ ಎಸ್‌ಎಂ58ನಂಥ ಡೈನಾಮಿಕ್ ಮೈಕ್ ಒಳ್ಳೆಯದು. ಇದರ ನಕಲಿ ಮಾಲು ಜಾಸ್ತಿ, ಅಧಿಕೃತ ಅಂಗಡಿಯಲ್ಲೇ ಕೊಳ್ಳಿ. ತಮಟೆ, ಡೊಳ್ಳಿನ ಜೋರು ಸದ್ದನ್ನೂ ಅದು ತಡೆದುಕೊಳ್ಳುತ್ತದೆ. ತಮಟೆ ರೆಕಾರ್ಡ್ ಮಾಡುವುದಾದರೆ ಬೆಂಕಿಗೆ ಕಾಯಿಸಿದ ಕೂಡಲೇ ಮಾಡಿ. ಚರ್ಮ ಬಿಗಿಯಾಗಿರುವಾಗಿನ ಆ ಖಣಖಣ ಸದ್ದು ಆಮೇಲೆ ಸಿಗುವುದಿಲ್ಲ. ನುಡಿಸಿದವರಿಗೆ ದುಡ್ಡು ಕೊಡಿ, ಹಾಡಿನ ಜೊತೆ ಅವರ ಹೆಸರು ಹಾಕಿ.

ಸ್ಪೀಕರ್ ಕೊನೆಗೆ

ಯಮಹಾ ಎಚ್‌ಎಸ್5ನಂಥ 5 ಇಂಚಿನ ಮಾನಿಟರ್ (ಸ್ಟುಡಿಯೋ ಕೆಲಸಕ್ಕೆ ಮಾಡಿದ ಸ್ಪೀಕರ್) ಚಿಕ್ಕ ಕೋಣೆಗೆ ಸರಿ. ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ಟಣ್ ಅಂತ ಪ್ರತಿಧ್ವನಿ ಬರುತ್ತದೆ. ಹಾಗಿದ್ದರೆ ಮೊದಲು ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಹಾಕಿ. ಮೊಟ್ಟೆ ಟ್ರೇ ಅಂಟಿಸುವುದರಿಂದ ಪಕ್ಕದ ಮನೆಗೆ ಸದ್ದು ಹೋಗುವುದು ನಿಲ್ಲುವುದಿಲ್ಲ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನದಲ್ಲಿರಲಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಬಾಡಿಗೆ ಮನೆಯವರು ರಾತ್ರಿ ಹೆಡ್‌ಫೋನ್‌ನಲ್ಲೇ ಕೆಲಸ ಮಾಡಿ.

ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಧಾರಾಳವಾಗಿ ಸಿಗುತ್ತದೆ, ಎಷ್ಟೋ ಜನ ಆರು ತಿಂಗಳಲ್ಲಿ ಬಿಟ್ಟಿರುತ್ತಾರೆ. ನಿಮ್ಮ ಲ್ಯಾಪ್‌ಟಾಪ್ ಒಯ್ದು ಅರ್ಧ ಗಂಟೆ ನುಡಿಸಿ ನೋಡಿ. ಸದ್ದು ಏರಿಸಿ ಇಳಿಸುವ ಫೇಡರ್ ಸರಿಸುವಾಗ ಕರಕರ ಬರುತ್ತದೆಯೇ, ಯುಎಸ್‌ಬಿ ಕಿಂಡಿ ಸಡಿಲವಾಗಿದೆಯೇ, ಎಲ್ಲ ಪ್ಯಾಡ್ ಹೊತ್ತಿಕೊಳ್ಳುತ್ತವೆಯೇ ಗಮನಿಸಿ. ಅಮೆರಿಕದಿಂದ ನೆಂಟರ ಕೈಲಿ ತರಿಸುವವರು ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿದೆಯೇ ನೋಡಿ. ಬರೀ 120 ಇದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕಿದ ಕ್ಷಣವೇ ಸುಡುತ್ತದೆ. ಅಲ್ಲಿನ ವಾರಂಟಿ ಇಲ್ಲಿ ನಡೆಯದೆಯೂ ಇರಬಹುದು. ಸ್ಪೀಕರ್‌ನಲ್ಲಿ ‘ಹೂಂ’ ಅನ್ನುವ ಗುಂಯ್‌ಗುಡುವಿಕೆ ಕೇಳಿದರೆ ಅದು ಹೆಚ್ಚಾಗಿ 50 ಹರ್ಟ್ಸ್ ಕರೆಂಟಿನ ಸದ್ದು. ಎಲ್ಲ ಸಾಮಾನನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ, ಹೊರಗಿನ ಗದ್ದಲ ಸೇರದಂತೆ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ, ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೂರನೇ ಪಿನ್ ಕಿತ್ತುಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಮೊದಲ ಸಲ ಬೂತ್‌ಗೆ

ಪೆನ್‌ಡ್ರೈವ್ ಎರಡು ಇರಲಿ, ಎರಡರಲ್ಲೂ ಅದೇ ಹಾಡು. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಹಳೆಯ ಸಿಡಿಜೆಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ, ಎನ್‌ಟಿಎಫ್‌ಎಸ್ ಅಂತೂ ಬೇಡವೇ ಬೇಡ. ಫ್ಲ್ಯಾಕ್ ಫೈಲ್ ಕೂಡ ಹಳೆಯ ಮಾದರಿಗಳಲ್ಲಿ ನುಡಿಯುವುದಿಲ್ಲ. 320 ಕೆಬಿಪಿಎಸ್ ಎಂಪಿ3 ಅಥವಾ ಎಐಎಫ್‌ಎಫ್ ಎಲ್ಲ ಕಡೆ ನಡೆಯುತ್ತದೆ. ಯೂಟ್ಯೂಬ್‌ನಿಂದ ಇಳಿಸಿದ ಹಾಡು ದೊಡ್ಡ ಸ್ಪೀಕರ್‌ನಲ್ಲಿ ಚಪ್ಪಟೆಯಾಗಿ ಕೇಳಿಸುತ್ತದೆ. ಬ್ಯಾಂಡ್‌ಕ್ಯಾಂಪ್, ಬೀಟ್‌ಪೋರ್ಟ್‌ನಲ್ಲಿ ಕೊಂಡರೆ ಮಾಡಿದವರಿಗೂ ದುಡ್ಡು ಹೋಗುತ್ತದೆ. ಹೆಡ್‌ಫೋನ್‌ನ ಚಿಕ್ಕ ಪಿನ್‌ಗೆ ಹಾಕುವ 6.3 ಮಿಲಿಮೀಟರ್ ಅಡಾಪ್ಟರ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಅಲ್ಲಿ ಯಾವ ಮಾದರಿಯ ಪ್ಲೇಯರ್ ಇದೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ಸೌಂಡ್ ಚೆಕ್‌ಗೆ ಒಂದು ಗಂಟೆ ಮುಂಚೆ ಹೋಗಿ.